ಕೀಲಿಯೂ ಅದೇ, ಕೀಲಿಕೈಯೂ ಅದೇ

ನಮ್ಮ ಮುಂಡರಗಿ ಕಡೆ ‘ಕೀಲಿ’ ಎಂದರೆ ಬೀಗ. ಅದನ್ನು ತೆಗೆಯುವುದು ‘ಕೀಲಿಕೈ’. ಓದಲು ಮೈಸೂರಿಗೆ ಹೋದ ಮೊದಲ ವಾರ ಹಾಸ್ಟೆಲಿನ ಗೆಳೆಯ ‘ಕೀಲಿ ಕೊಡೋ’ ಎಂದಾಗ, ಚಿಲಕಕ್ಕೆ ನೇತಾಡುತ್ತಿದ್ದ ಬೀಗವನ್ನೇ ತೆಗೆದು ಅವನ ಕೈಗಿಟ್ಟಿದ್ದೆ. ಅವನು ಬಿದ್ದು ಬಿದ್ದು ನಕ್ಕ. ಅವನ ಕನ್ನಡದಲ್ಲಿ ಕೀಲಿ ತೆರೆಯುವ ವಸ್ತು, ನನ್ನ ಕನ್ನಡದಲ್ಲಿ ಮುಚ್ಚುವ ವಸ್ತು. ಆಗ ನಾಚಿಕೆಯಾಗಿತ್ತು. ಕಳೆದ ಬೇಸಿಗೆಯ ರಜೆಯನ್ನೆಲ್ಲ ಅಪ್ಪನ ಲ್ಯಾಪ್‌ಟಾಪಿನ ಮುಂದೆ ಕಳೆದ ಮೇಲೆ, ಆ ಗೊಂದಲದಲ್ಲಿ ಒಂದು ತಿಳಿವಳಿಕೆಯೂ ಇತ್ತು ಅನ್ನಿಸುತ್ತಿದೆ.

ಅಪ್ಪ ಹಮ್ಮಿಗಿ ಸುತ್ತಲಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬೀಸುವ ಪದ, ಹಂತಿ ಪದ, ಸೋಬಾನ ಪದ ಹಾಡುವವರ ಮನೆಗೆ ಹೋಗಿ ಕೂತು ಬರೆದುಕೊಳ್ಳುವುದು ಅವರ ಹುಚ್ಚು. ನಿವೃತ್ತಿಯ ಹೊತ್ತಿಗೆ ಹನ್ನೊಂದು ನೋಟ್‌ಬುಕ್ಕುಗಳಾಗಿದ್ದವು. ಮುಂಡರಗಿಯ ಡಿಟಿಪಿ ಅಂಗಡಿಯೊಂದರಲ್ಲಿ ಅವನ್ನೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದರು. ಒಬ್ಬೊಬ್ಬ ಹಾಡುಗಾರರಿಗೆ ಒಂದೊಂದು ಫೈಲು. ಟೈಪಾಯಿತಲ್ಲ ಎಂದು ನೋಟ್‌ಬುಕ್ಕುಗಳ ಕಡೆ ಯಾರೂ ನೋಡಲಿಲ್ಲ. ಮೂರು ಮಳೆಗಾಲದಲ್ಲಿ ಗೆದ್ದಲು ತನ್ನ ಪಾಲು ತೆಗೆದುಕೊಂಡಿತು. ಉಳಿದದ್ದು ಲ್ಯಾಪ್‌ಟಾಪಿನೊಳಗಿನ ಹನ್ನೊಂದು ಫೈಲುಗಳು.

ಲ್ಯಾಪ್‌ಟಾಪು ಹಳೆಯದು. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಇನ್ನೂ ತಿರುಗುತ್ತಲೇ ಇರುವಂಥದ್ದು. ಪಕ್ಕದ ಮನೆಯ ಹುಡುಗ, ಒಳ್ಳೆಯ ಹುಡುಗನೇ, ‘ಮಾಸ್ತರ, ಇದಕ್ಕೊಂದು ಸ್ಪೀಡ್ ಮಾಡೋ ಸಾಫ್ಟ್‌ವೇರ್ ಐತ್ರಿ, ಪುಕ್ಕಟೆ’ ಎಂದು ಹಾಕಿಕೊಟ್ಟ. ಪರದೆಯ ತುಂಬ ಕೆಂಪು ಅಕ್ಷರ: ‘1,163 ಸಮಸ್ಯೆಗಳು ಪತ್ತೆಯಾಗಿವೆ’ ಎಂಬರ್ಥದ ಇಂಗ್ಲಿಷ್ ಸಾಲು. ಕೆಳಗೆ ಹಸಿರು ಗುಂಡಿ. ಒತ್ತಿದರು. ಅದು ‘ಬಹಳ ದಿನದಿಂದ ಬಳಸದ’ ತಂತ್ರಾಂಶಗಳ ಪಟ್ಟಿಯಲ್ಲಿ ನುಡಿಯನ್ನೂ ಅದರ ಫಾಂಟುಗಳನ್ನೂ ಸೇರಿಸಿಕೊಂಡು ಗುಡಿಸಿ ಹಾಕಿತು. ಕಂಪ್ಯೂಟರು ಎರಡು ದಿನ ಸ್ವಲ್ಪ ಚುರುಕಾಯಿತು ಎಂದು ಅಪ್ಪ ಈಗಲೂ ಹೇಳುತ್ತಾರೆ.

ಮೂರನೆಯ ದಿನ ಒಂದು ಫೈಲು ತೆರೆದರು. ಕನ್ನಡವಿಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಎ ಅಕ್ಷರಗಳು, ಪೌಂಡಿನ ಚಿಹ್ನೆಗಳು, ಪ್ರಶ್ನೆಚಿಹ್ನೆಗಳು, ಪುಟದ ತುಂಬ. ಹುಡುಗನಿಗೆ ಫೋನು ಮಾಡಿದರೆ, ‘ವೈರಸ್ ಹೊಕ್ಕಿರಬೇಕ್ರಿ, ಉಳಿದಾವಕ್ಕ ಹಬ್ಬೂಕಿಂತ ಮೊದ್ಲ ಅದನ್ನ ತಗದ ಬಿಡ್ರಿ’ ಎಂದ. ತೆಗೆದುಬಿಟ್ಟರು. ನಂತರ ಇನ್ನೊಂದು ತೆರೆದರು, ಅದೂ ಹಾಗೆಯೇ. ಆಗ ಹೆದರಿ ಮುಚ್ಚಿಟ್ಟು ನನಗೆ ಹೇಳಿ ಕಳಿಸಿದರು. ನಾನು ಊರಿಗೆ ಬಂದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಆ ಸಾಧನ ದಿನಾ ರಾತ್ರಿ ಕಸದ ಬುಟ್ಟಿಯನ್ನು ಖಾಲಿ ಮಾಡಿ, ಖಾಲಿಯಾದ ಜಾಗದ ಮೇಲೆ ಸೊನ್ನೆ ಬರೆಯುವ ಕೆಲಸವನ್ನು ನಿಷ್ಠೆಯಿಂದ ಮಾಡಿ ಮುಗಿಸಿತ್ತು. ಹೋದದ್ದು ಬಿದರಳ್ಳಿಯ ಒಬ್ಬ ಅಜ್ಜಿಯ ಬೀಸುವ ಪದಗಳ ಫೈಲು. ಅಜ್ಜಿ ಈಗ ಇಲ್ಲ.

ನಾನು ಕನ್ನಡ ಪಾಠ ಹೇಳುವವನು, ಕಂಪ್ಯೂಟರ್ ಪಂಡಿತನಲ್ಲ. ಆದರೆ ಪಠ್ಯವನ್ನು ಓದುವುದು ನನ್ನ ಕಸುಬು. ಆ ಕೆಂಪು ಪರದೆಯೂ ಒಂದು ಪಠ್ಯವೇ. ಅಪ್ಪ ಅದನ್ನು ಓದಿ ನಂಬಿದರು. ಆದ್ದರಿಂದ ಅದನ್ನು ವಿಮರ್ಶೆಯ ಕಣ್ಣಿನಿಂದ ಓದಿ ನೋಡಬೇಕು ಅನ್ನಿಸಿತು.

*

ಕಂಪ್ಯೂಟರು ತಯಾರಿಸಿದವರೂ ಅಲ್ಲದ, ಬಳಸುವ ನಾವೂ ಅಲ್ಲದ ಮೂರನೆಯವರು ಮಾಡಿದ ಸಾಧನಗಳು ಇವು. ‘ನಿಮ್ಮ ಯಂತ್ರದಲ್ಲಿ ಅಡಗಿರುವ ಶಕ್ತಿಯನ್ನು ಬಿಡುಗಡೆ ಮಾಡುತ್ತೇವೆ’ ಎಂಬುದು ಇವುಗಳ ಪಲ್ಲವಿ. ಈ ಪಠ್ಯದ ಮೊದಲ ಅಲಂಕಾರ ಸಂಖ್ಯೆ. ಜಾಲತಾಣವೊಂದು ಬಿಟ್ಟುಹೋದ ಚಿಕ್ಕ ಕುಕಿ ಕಡತವೂ ‘ಒಂದು ಸಮಸ್ಯೆ’, ನಿಜವಾದ ದೋಷವೂ ‘ಒಂದು ಸಮಸ್ಯೆ’. ಎಲ್ಲವನ್ನೂ ಕೂಡಿಸಿದರೆ 1,163 ಆಗದೆ ಏನು? ಎರಡನೆಯದು ‘ಕಸ’ ಎಂಬ ಪದ. ಯಾವುದು ಕಸ ಎಂದು ಹೇಳುವ ಹಕ್ಕು ಮನೆಯಲ್ಲಿ ಇರುವವರಿಗೆ ಸೇರಿದ್ದು. ಅಟ್ಟದ ಮೇಲಿನ ಒಡೆದ ಕೊಡ ಕಸವೋ ಅಲ್ಲವೋ ಎಂಬುದು ನಿನ್ನೆ ಬಂದ ನೆಂಟರಿಗೆ ಗೊತ್ತಾಗುವುದಿಲ್ಲ. ನುಡಿ ಫಾಂಟು ಬಹಳ ದಿನದಿಂದ ಯಾರೂ ಮುಟ್ಟದ ವಸ್ತು ಎಂಬುದಷ್ಟೇ ಯಂತ್ರಕ್ಕೆ ಕಂಡಿತು. ಅದಿಲ್ಲದೆ ಹನ್ನೊಂದು ಫೈಲುಗಳು ಮೂಕವಾಗುತ್ತವೆ ಎಂಬುದು ಕಾಣಲಿಲ್ಲ.

ಮೂರನೆಯದು ಇನ್ನೂ ಮುಖ್ಯ. ಈ ಪಠ್ಯದಲ್ಲಿ ರೋಗ ಹೇಳುವವರೂ ಮದ್ದು ಮಾರುವವರೂ ಒಬ್ಬರೇ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಪ್ರಕರಣವನ್ನು ಇತ್ಯರ್ಥ ಮಾಡಿತು. ಆಫೀಸ್ ಡಿಪೊ ಎಂಬ ಅಂಗಡಿ ಸರಪಳಿ, ಸಪೋರ್ಟ್.ಕಾಮ್ ಎಂಬ ಸಂಸ್ಥೆಯ ತಂತ್ರಾಂಶ ಬಳಸಿ ಗಿರಾಕಿಗಳ ಕಂಪ್ಯೂಟರಿನ ‘ಆರೋಗ್ಯ ತಪಾಸಣೆ’ ಮಾಡುತ್ತಿತ್ತು. ಶುರುವಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರು ನಿಧಾನವಾಗಿದೆಯೇ, ಈ ಥರದವು. ಒಂದಕ್ಕೆ ಹೌದು ಎಂದರೂ ಸಾಕು, ತಪಾಸಣೆಯ ಕೊನೆಗೆ ‘ಸೋಂಕಿನ ಲಕ್ಷಣಗಳಿವೆ’ ಎಂಬ ಫಲಿತಾಂಶ ಬರುತ್ತಿತ್ತು ಎಂಬುದು ಆಯೋಗದ ಆರೋಪ. ನಡುವೆ ಓಡುವ ಪಟ್ಟಿ, ಏರುವ ಶೇಕಡಾವಾರು, ಇವೆಲ್ಲ ನಾಟಕ. ಇಬ್ಬರೂ ಸೇರಿ 3.5 ಕೋಟಿ ಡಾಲರ್ ಕೊಡಲು ಒಪ್ಪಿದರು. 2024ರಲ್ಲಿ ರೆಸ್ಟೊರೊ ಮತ್ತು ರೀಇಮೇಜ್ ಎಂಬ ಸಂಸ್ಥೆಗಳು ಇಂಥದೇ ಆರೋಪಕ್ಕೆ 2.6 ಕೋಟಿ ಡಾಲರ್ ತೆರಬೇಕಾಯಿತು. ನಮ್ಮ ಕಾವ್ಯಮೀಮಾಂಸೆಯಲ್ಲಿ ಭಯಾನಕವೂ ಒಂದು ರಸ. ಭಯವನ್ನು ಹುಟ್ಟಿಸಿದವನೇ ಅಭಯವನ್ನು ಮಾರಿದರೆ ಅದು ರಸವಲ್ಲ, ವ್ಯಾಪಾರ.

ವಿಂಡೋಸ್ ತಯಾರಿಸುವ ಮೈಕ್ರೊಸಾಫ್ಟ್ ರಿಜಿಸ್ಟ್ರಿ ಸ್ವಚ್ಛಗೊಳಿಸುವ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲ ಎಂದು ಹೇಳುತ್ತಲೇ ಬಂದಿದೆ. ಹೆದರಿಸುವ ಸಂದೇಶ ತೋರಿಸಿ ದುಡ್ಡಿನ ಆವೃತ್ತಿ ಮಾರುವ ಇಂಥ ತಂತ್ರಾಂಶಗಳನ್ನು 2018ರ ಮಾರ್ಚ್‌ನಿಂದ ಅದರ ಡಿಫೆಂಡರ್ ‘ಬೇಡವಾದ ತಂತ್ರಾಂಶ’ ಎಂದು ಗುರುತಿಸಿ ತೆಗೆಯತೊಡಗಿತು. ರಿಜಿಸ್ಟ್ರಿ ಎಂದರೆ ವಿಂಡೋಸಿನ ದೊಡ್ಡ ದಫ್ತರು, ಯಾವ ತಂತ್ರಾಂಶ ಎಲ್ಲಿದೆ, ಹೇಗೆ ನಡೆಯಬೇಕು ಎಂಬುದನ್ನೆಲ್ಲ ಬರೆದಿಟ್ಟ ಪುಸ್ತಕ. ಅದರಲ್ಲಿ ನೂರು ಹಳೆಯ ಸಾಲು ಉಳಿದಿದ್ದರೆ ಓದುವ ವೇಗ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಒಂದು ಬೇಕಾದ ಸಾಲು ಅಳಿಸಿದರೆ ಮಾತ್ರ ತಂತ್ರಾಂಶವೇ ಏಳದೆ ಹೋಗಬಹುದು. ಲಾಭ ಕಾಳಿನಷ್ಟು, ನಷ್ಟ ಕಣಜದಷ್ಟು.

*

ಇಷ್ಟು ಹೇಳಿ, ಮೂರನೆಯವರೆಲ್ಲ ಮೋಸಗಾರರು ಎಂದು ಮುಗಿಸಿಬಿಡುವುದು ಸುಲಭ. ಅದು ಸುಳ್ಳಾಗುತ್ತದೆ. ಯಾಕೆಂದರೆ ಯಂತ್ರಗಳಿಗೆ ನಿಜವಾಗಿಯೂ ಕೀಲಿ ಹಾಕಿರುತ್ತಾರೆ.

2010ರಲ್ಲಿ ಇಂಟೆಲ್ ಒಂದು ಪ್ರಯೋಗ ಮಾಡಿತು. ಪೆಂಟಿಯಮ್ ಜಿ6951 ಎಂಬ ಚಿಪ್ಪಿನಲ್ಲಿ ಕೆಲವು ಸಾಮರ್ಥ್ಯಗಳನ್ನು ಮುಚ್ಚಿಟ್ಟು ಮಾರಿತು. 50 ಡಾಲರಿನ ಕಾರ್ಡು ಕೊಂಡು ಅದರ ಸಂಖ್ಯೆ ಹೊಡೆದರೆ ಆ ಸಾಮರ್ಥ್ಯ ತೆರೆದುಕೊಳ್ಳುತ್ತಿತ್ತು. ನಿಮ್ಮ ಮೇಜಿನ ಮೇಲಿರುವ, ನೀವು ದುಡ್ಡು ಕೊಟ್ಟು ತಂದ ವಸ್ತುವಿನ ಒಂದು ಕೋಣೆಗೆ ಕೀಲಿ, ಕೀಲಿಕೈ ಅಂಗಡಿಯಲ್ಲಿ. ಜನ ಸಿಟ್ಟಾದರು, ಮರುವರ್ಷ ಆ ಯೋಜನೆ ನಿಂತಿತು. ಇಂಥ ಕೀಲಿಯನ್ನು ಯಾರಾದರೂ ಮೂರನೆಯವರು ಮುರಿದರೆ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ಆದರೆ ಅದೇ ಕಾಲದ ಇನ್ನೊಂದು ಕತೆ ಬೇರೆ. ಎಎಂಡಿ ಕಂಪನಿಯ ಫಿನಾಮ್ 2 ಸರಣಿಯ ಕೆಲವು ಚಿಪ್ಪುಗಳಲ್ಲಿ ನಾಲ್ಕು ಕೋರುಗಳಿದ್ದು ಎರಡನ್ನೋ ಒಂದನ್ನೋ ಮುಚ್ಚಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಮದರ್‌ಬೋರ್ಡ್ ತಯಾರಕರು ಅವನ್ನು ತೆರೆಯುವ ದಾರಿ ಮಾಡಿಕೊಟ್ಟರು. ಕೆಲವರಿಗೆ ಎರಡು ಕೋರಿನ ಬೆಲೆಗೆ ನಾಲ್ಕು ಕೋರು ಸಿಕ್ಕವು. ಕೆಲವರ ಕಂಪ್ಯೂಟರು ಏಳಲೇ ಇಲ್ಲ, ಇಲ್ಲವೆ ನಡುನಡುವೆ ಸುಮ್ಮನೆ ತಪ್ಪು ಲೆಕ್ಕ ಮಾಡಿತು. ಮುಚ್ಚಿದ ಕೋರುಗಳಲ್ಲಿ ಕೆಲವು ಮಾರುಕಟ್ಟೆಯ ಲೆಕ್ಕಾಚಾರಕ್ಕಾಗಿ ಮುಚ್ಚಿದವು, ಕೆಲವು ದೋಷವಿದ್ದುದರಿಂದಲೇ ಮುಚ್ಚಿದವು. ಹೊರಗಿನಿಂದ ಎರಡೂ ಕೀಲಿ ಒಂದೇ ಥರ ಕಾಣುತ್ತವೆ. ಪಾಳು ಮನೆಯ ಬಾಗಿಲಿಗೂ ಕೀಲಿ, ತಿಜೋರಿಗೂ ಕೀಲಿ.

ಇದೇ ಗೊಂದಲದ ಇನ್ನೊಂದು ರೂಪ ಶಾಖದ್ದು. ಪ್ರೊಸೆಸರು ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎರೆಮಣ್ಣಿನ ಸೀಮೆಯ ಧೂಳು ಫ್ಯಾನಿನೊಳಗೆ ಕೂತು, ಏಪ್ರಿಲ್ ತಿಂಗಳ ಗದಗ ಜಿಲ್ಲೆಯ ಬಿಸಿಲು ಹೊರಗಿದ್ದರೆ ಅಪ್ಪನ ಲ್ಯಾಪ್‌ಟಾಪು ಇನ್ನೇನು ಮಾಡೀತು? ಈ ಇಳಿಕೆಯನ್ನು ತಡೆಯುವ, ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ತಗ್ಗಿಸುವ ಥ್ರಾಟಲ್‌ಸ್ಟಾಪ್‌ನಂಥ ಸಾಧನಗಳಿವೆ. ವೋಲ್ಟೇಜು ಸ್ವಲ್ಪ ತಗ್ಗಿಸಿದರೆ ಶಾಖ ಇಳಿದು ವೇಗ ಉಳಿಯುತ್ತದೆ. ತಿಳಿದವರಿಗೆ ನಿಜವಾದ ಉಪಕಾರ. ಆದರೆ 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್, ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ವೋಲ್ಟೇಜಿನ ಬಾಗಿಲಿನಿಂದ ಇಂಟೆಲ್ ಚಿಪ್ಪಿನ ಗುಟ್ಟಿನ ಕೋಣೆಯನ್ನು ತಪ್ಪು ಮಾಡಿಸಿ ಒಳಗಿನ ರಹಸ್ಯ ಕದಿಯಬಹುದು ಎಂದು ತೋರಿಸಿದರು. ಅದಕ್ಕೆ ಪ್ಲಂಡರ್‌ವೋಲ್ಟ್ ಎಂದು ಹೆಸರಾಯಿತು. ಆಮೇಲೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಬಾಗಿಲನ್ನೇ ಮುಚ್ಚಿದರು. ಕಳ್ಳನಿಗೂ ಮನೆಯವನಿಗೂ ಒಂದೇ ಬಾಗಿಲಾಗಿತ್ತು, ಮುಚ್ಚಿದಾಗ ಇಬ್ಬರೂ ಹೊರಗುಳಿದರು.

ಆಸೆಯನ್ನೇ ಗಾಳವಾಗಿಸಿದ ಪ್ರಸಂಗವೂ ಉಂಟು. 2021ರ ಫೆಬ್ರುವರಿಯಲ್ಲಿ ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ ಎಥೀರಿಯಮ್ ನಾಣ್ಯ ಗಣಿಗಾರಿಕೆಯ ವೇಗವನ್ನು ಸುಮಾರು ಅರ್ಧಕ್ಕೆ ಕಟ್ಟಿಹಾಕಿತು. ಕಾರ್ಡುಗಳು ಆಟ ಆಡುವವರಿಗೆ ಸಿಗಲಿ ಎಂಬುದು ಹೇಳಿದ ಕಾರಣ. ಮರುತಿಂಗಳೇ ಕಂಪನಿ ತಾನೇ ಬಿಡುಗಡೆ ಮಾಡಿದ ಪರೀಕ್ಷಾ ಡ್ರೈವರಿನಲ್ಲಿ ಕಣ್ತಪ್ಪಿನಿಂದ ಕಟ್ಟು ಬಿಚ್ಚಿಕೊಂಡಿತ್ತು. ಇನ್ನು 2022ರ ಫೆಬ್ರುವರಿಯಲ್ಲಿ, ಈ ಕಟ್ಟನ್ನು ಪೂರ್ತಿ ಬಿಚ್ಚುತ್ತೇನೆಂದು ಒಂದು ಸಾಧನ ಬಂತು. ಸುದ್ದಿಯಾಯಿತು, ಜನ ಇಳಿಸಿಕೊಂಡರು. ತೆರೆದು ನೋಡಿದ ತಜ್ಞರಿಗೆ ಒಳಗೆ ಸಿಕ್ಕಿದ್ದು ಹಾನಿಕಾರಕ ತಂತ್ರಾಂಶ. ಅದಾದ ಮೂರು ತಿಂಗಳಿಗೆ ನೈಸ್‌ಹ್ಯಾಶ್ ಎಂಬ ಸಂಸ್ಥೆ ನಿಜವಾಗಿಯೂ ಪೂರ್ತಿ ಬಿಚ್ಚಿದ ಸಾಧನ ಹೊರತಂದಿತು. ನಾಲ್ಕೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಎಥೀರಿಯಮ್ ತನ್ನ ಪದ್ಧತಿಯನ್ನೇ ಬದಲಾಯಿಸಿ ಗಣಿಗಾರಿಕೆಯನ್ನು ನಿಲ್ಲಿಸಿತು. ನಕಲಿ ಕೀಲಿಕೈ ಮೊದಲು ಬಂತು, ಅಸಲಿ ಆಮೇಲೆ ಬಂತು, ಅಷ್ಟರಲ್ಲಿ ಕೋಣೆಯೇ ಖಾಲಿಯಾಯಿತು.

ಅತ್ಯಂತ ಯೋಚನೆಗೆ ಹಚ್ಚುವುದು ಮೋಸಗಾರರ ಕತೆಯಲ್ಲ, ಸಜ್ಜನರ ಕತೆ. ಸಿಕ್ಲೀನರ್ ಹೆಸರಾಂತ ಸ್ವಚ್ಛತಾ ಸಾಧನ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ ಅದರ ಅಧಿಕೃತ ತಾಣದಿಂದಲೇ ಹಂಚಿಕೆಯಾದ 5.33ನೆಯ ಆವೃತ್ತಿಯಲ್ಲಿ ಹ್ಯಾಕರುಗಳು ತಮ್ಮ ಸಂಕೇತವನ್ನು ಸೇರಿಸಿಬಿಟ್ಟಿದ್ದರು. ಸುಮಾರು 22.7 ಲಕ್ಷ ಬಳಕೆದಾರರಲ್ಲಿ ಆ ಆವೃತ್ತಿ ಇತ್ತು. ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಕೂಡ ಒಳ್ಳೆಯ ಸಾಧನವೇ. ಆದರೆ ಯಂತ್ರದ ಗರ್ಭಗುಡಿಗೆ ಹೋಗಿ ಬರಲು ಅದು ಬಳಸುವ ಡ್ರೈವರಿನ ಹಳೆಯ ಆವೃತ್ತಿಯೊಂದರ ದೋಷವನ್ನು 2022ರಲ್ಲಿ ಬ್ಲ್ಯಾಕ್‌ಬೈಟ್ ಎಂಬ ಸುಲಿಗೆ ತಂಡ ಬಳಸಿಕೊಂಡು ರಕ್ಷಣಾ ತಂತ್ರಾಂಶಗಳನ್ನೇ ಕುರುಡು ಮಾಡಿತು. ಅಂದರೆ ಅಪಾಯ ಕೀಲಿಕೈ ಮಾಡಿದವನ ಗುಣದಲ್ಲಿ ಮಾತ್ರ ಇಲ್ಲ. ಗರ್ಭಗುಡಿಯ ಕೀಲಿಕೈ ಇನ್ನೊಂದು ಪ್ರತಿ ಆಯಿತು ಎಂಬುದರಲ್ಲೇ ಇದೆ.

*

ಇಷ್ಟು ದೂರದ ಮಾತು ಸಾಹಿತ್ಯದ ಪತ್ರಿಕೆಯಲ್ಲಿ ಯಾಕೆ ಎಂದು ಓದುಗರಿಗೆ ಅನ್ನಿಸಿರಬಹುದು. ಕಾರಣವಿದೆ. ಕನ್ನಡ ಕಂಪ್ಯೂಟರಿನೊಳಗೆ ಹೊಕ್ಕದ್ದೇ ಮೂರನೆಯವರ ಕೀಲಿಕೈಯಿಂದ.

ಕಂಪ್ಯೂಟರು ನಮ್ಮ ಊರಿಗೆ ಬಂದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಬರೆಯುವ ಶಕ್ತಿ ಯಂತ್ರದಲ್ಲಿತ್ತು, ಕನ್ನಡದವರಿಗೆ ಮುಚ್ಚಿತ್ತು. ಅದನ್ನು ತೆರೆದವರು ಯಂತ್ರ ತಯಾರಿಸಿದ ಕಂಪನಿಗಳಲ್ಲ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. ‘ಸೇಡಿಯಾಪು’ ತಂತ್ರಾಂಶ ಅವರದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಸರ್ಕಾರಿ ಕಚೇರಿಗಳಿಂದ ಹಿಡಿದು ತಾಲ್ಲೂಕು ಊರಿನ ಡಿಟಿಪಿ ಅಂಗಡಿಯವರೆಗೆ ಹಬ್ಬಿತು. ಲಗ್ನಪತ್ರಿಕೆ, ಪಿಎಚ್‌ಡಿ ಪ್ರಬಂಧ, ಕವನಸಂಕಲನ, ಪಹಣಿ ತಿದ್ದುಪಡಿಯ ಅರ್ಜಿ ಎಲ್ಲವೂ ಇವುಗಳಲ್ಲೇ ಹುಟ್ಟಿದವು. ಮೂರನೆಯವರ ಸಾಧನಗಳಿಂದ ಆದ ಉಪಕಾರಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಅಪ್ಪನ ಸಂಗ್ರಹ ಅಕ್ಷರವಾದದ್ದೂ ಅದರಿಂದಲೇ.

ಆದರೆ ಆ ಕಾಲದ ಉಪಾಯದೊಳಗೇ ಒಂದು ಕೀಲಿ ಇತ್ತು. ಯಂತ್ರಕ್ಕೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ ಮಾತ್ರ ಗೊತ್ತಿತ್ತು. ಆ ಒಂದೊಂದು ಅಕ್ಷರದ ಜಾಗದಲ್ಲಿ ಕನ್ನಡದ ಒಂದೊಂದು ಚೂರನ್ನು ಚಿತ್ರವಾಗಿ ಕೂರಿಸಿದರು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಯಂತ್ರದ ನೆನಪಿನಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಗೆರೆ ಹೊತ್ತ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಗೆರೆ ಹೊತ್ತ ಎ. ಫಾಂಟು ಎಂಬ ಕನ್ನಡಕ ಹಾಕಿಕೊಂಡರೆ ಮಾತ್ರ ಅದು ‘ಕನ್ನಡ’. ಕನ್ನಡಕ ಹೋಯಿತೋ, ಅಪ್ಪ ಕಂಡದ್ದೇ ನಿಜವಾದ ರೂಪ. ಫೈಲು ಕೆಟ್ಟಿರಲಿಲ್ಲ, ಅದು ಮೊದಲಿನಿಂದಲೂ ಹಾಗೆಯೇ ಇತ್ತು. ವೈರಸ್ಸೂ ಇರಲಿಲ್ಲ. ನಾವು ಇಷ್ಟು ವರ್ಷ ಕನ್ನಡವನ್ನು ನೋಡುತ್ತಿದ್ದೆವೇ ಹೊರತು ಯಂತ್ರದೊಳಗೆ ಕನ್ನಡ ಇರಲಿಲ್ಲ.

ಹೊರದಾರಿ ಇರಲಿಲ್ಲವೆಂದಲ್ಲ. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯುನಿಕೋಡ್ ಫಾಂಟೂ ಬಂತು. ಅದರ ಹೆಸರು ‘ತುಂಗಾ’. ನಮ್ಮೂರ ಹೊಳೆಯ ಅರ್ಧ ಹೆಸರು ಹೊತ್ತ ಫಾಂಟು ಕಂಪ್ಯೂಟರಿನೊಳಗೇ ಇದ್ದಾಗಲೂ ಅಪ್ಪನ ಫೈಲುಗಳು ಹಳೆಯ ಸಂಕೇತದಲ್ಲೇ ಟೈಪಾದವು. ಯಾಕೆ? ಡಿಟಿಪಿ ಅಂಗಡಿಗಳು ಪೇಜ್‌ಮೇಕರ್ ಮೇಲೆ ನಿಂತಿದ್ದವು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು, ಅದಕ್ಕೆ ಕನ್ನಡ ಯುನಿಕೋಡ್ ತಿಳಿಯದು. ಪ್ರಕಾಶಕರು ನುಡಿ ಫೈಲು ಕೇಳಿದರು, ಲೇಖಕರು ನುಡಿ ಫೈಲು ಕೊಟ್ಟರು. ತೆರೆದ ಬಾಗಿಲಿನ ಹೊಸ್ತಿಲಲ್ಲೇ ಎಲ್ಲರೂ ಮನೆ ಕಟ್ಟಿಕೊಂಡೆವು. ನುಡಿ, ಬರಹ ಎರಡೂ ಮುಂದೆ ಯುನಿಕೋಡಿಗೆ ತೆರೆದುಕೊಂಡವು. ಅಭ್ಯಾಸ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

ಈ ಕೀಲಿಯನ್ನು ತೆಗೆದದ್ದು ಮತ್ತೆ ಮೂರನೆಯವರೇ. ಅರವಿಂದ ವಿ.ಕೆ. ಅವರು ಮಾಡಿದ ಆಸ್ಕಿ-ಯುನಿಕೋಡ್ ಪರಿವರ್ತಕವನ್ನು ಕನ್ನಡದ ಅನೇಕರು ಬಳಸಿದ್ದಾರೆ. ಅದರ ಮೂಲಸಂಕೇತ ತೆರೆದಿದೆ. ಯಾವ ಚಿಹ್ನೆ ಯಾವ ಅಕ್ಷರವಾಗುತ್ತದೆ ಎಂಬ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತಿದ್ದಬಹುದು. ಅಪ್ಪನ ಉಳಿದ ಹತ್ತು ಫೈಲುಗಳನ್ನು ನಾನು ಹೀಗೆಯೇ ಒಂದೊಂದಾಗಿ ಪರಿವರ್ತಿಸಿದೆ. ಗೆರೆ ಹೊತ್ತ ಎ ಅಕ್ಷರಗಳ ಕಾಡು ಸರಕ್ಕನೆ ‘ಬೀಸುವ ಕಲ್ಲೇ’ ಎಂದು ಮಾತಾಡಿದಾಗ ಅಪ್ಪ ಕುರ್ಚಿಯಿಂದ ಎದ್ದು ನಿಂತರು.

ಹಾಗೆಂದು ಈ ಕೀಲಿಕೈಯನ್ನೂ ಕಣ್ಣುಮುಚ್ಚಿ ಹೊಗಳಲಾರೆ. ಅಪ್ಪ ಅಲ್ಲಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದ ಕ್ಯಾಸೆಟ್ಟಿನ ಸಂಖ್ಯೆ, ಟಿಪ್ಪಣಿಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಗುಡ್ಡೆ ಮಾಡಿತು. ಒಂದೆರಡು ಕಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಶಿಷ್ಟ ಕನ್ನಡದ ಪಠ್ಯವಾದರೆ ಓದುಗನೇ ಊಹಿಸಿಕೊಳ್ಳಬಹುದು. ಆಡುನುಡಿಯ ಪದದಲ್ಲಿ ತಪ್ಪು ಯಾವುದು, ಹಾಡಿದವರ ಉಚ್ಚಾರ ಯಾವುದು ಎಂದು ಹೇಳಬಲ್ಲವರು ಅಪ್ಪ ಒಬ್ಬರೇ. ದಿನಾ ಮುಂಜಾನೆ ಎರಡು ತಾಸು ನಾನು ಓದಿದೆ, ಅವರು ಕೇಳಿ ತಿದ್ದಿದರು. ಪರಿವರ್ತಕ ಎರಡು ನಿಮಿಷದಲ್ಲಿ ಮಾಡಿದ್ದನ್ನು ನಂಬಲು ನಮಗೆ ಒಂದು ತಿಂಗಳು ಬೇಕಾಯಿತು. ಸಂಪಾದನೆ ಎಂದು ಎಂ.ಎ. ತರಗತಿಯಲ್ಲಿ ಹೇಳಿಕೊಡುವುದು ಇದನ್ನೇ.

*

ಎರಡೂ ಸಾಧನಗಳು ಮೂರನೆಯವರವು. ಎರಡೂ ಪುಕ್ಕಟೆ. ಒಂದು ಅಪ್ಪನ ಫೈಲುಗಳನ್ನು ಮೂಕ ಮಾಡಿತು, ಇನ್ನೊಂದು ಮಾತಾಡಿಸಿತು. ಹಾಗಾದರೆ ವ್ಯತ್ಯಾಸವೆಲ್ಲಿದೆ?

ನನಗೆ ಕಂಡದ್ದು ಇಷ್ಟು. ಮೊದಲನೆಯ ಸಾಧನ ತಾನು ಏನು ಮಾಡುತ್ತೇನೆಂದು ಹೇಳಲಿಲ್ಲ, ಎಷ್ಟು ಮಾಡಿದೆ ಎಂದು ಮಾತ್ರ ಹೇಳಿತು. ಎರಡನೆಯದು ಏನು ಮಾಡುತ್ತದೆಂಬುದನ್ನು ಓದಲು ಬಿಟ್ಟಿತು. ಮೊದಲನೆಯದು ಇದ್ದದ್ದನ್ನು ಅಳಿಸಿತು, ಹಿಂದಿರುಗುವ ದಾರಿ ಇಡಲಿಲ್ಲ. ಎರಡನೆಯದು ಮೂಲವನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಪ್ರತಿ ಮಾಡಿತು. ಮೊದಲನೆಯದಕ್ಕೆ ಯಂತ್ರದ ಎಲ್ಲ ಕೋಣೆಗಳ ಅಧಿಕಾರ ಬೇಕಾಗಿತ್ತು. ಎರಡನೆಯದಕ್ಕೆ ಬೇಕಾದದ್ದು ನಾನು ಅದರ ಮುಂದಿಟ್ಟ ಪುಟ ಮಾತ್ರ. ವಿದ್ಯಾರ್ಥಿಗಳು ಯಾವುದಾದರೂ ಸಾಧನವನ್ನು ಕಂಪ್ಯೂಟರಿಗೆ ಹಾಕುವ ಮೊದಲು ಒಂದು ಪಠ್ಯಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಲಿ: ಬರೆದವರು ಯಾರು, ಯಾರ ಲಾಭಕ್ಕೆ, ಏನನ್ನು ಹೇಳದೆ ಬಿಟ್ಟಿದ್ದಾರೆ? ಮತ್ತು ಬಿಚ್ಚುವ ಕೀಲಿಯ ಬಗ್ಗೆ ಇನ್ನೊಂದು: ಇದನ್ನು ಯಾರು ಹಾಕಿದರು, ಯಾಕೆ? ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಹಸಿರು ಗುಂಡಿಯನ್ನು ಒತ್ತದಿರುವುದೇ ಲೇಸು. ಉತ್ತರ ಸಿಕ್ಕರೂ ಮೊದಲು ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿರಬೇಕು.

ಲ್ಯಾಪ್‌ಟಾಪು ನಿಧಾನವಾದದ್ದಕ್ಕೆ ಕಾರಣ 1,163 ಸಮಸ್ಯೆಗಳಲ್ಲಿ ಒಂದೂ ಆಗಿರಲಿಲ್ಲ. ಗದಗಿನಲ್ಲಿ ಬಿಚ್ಚಿಸಿದಾಗ ಫ್ಯಾನಿನಿಂದ ಒಂದು ಹಿಡಿ ಕರಿ ಧೂಳು ಬಂತು. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ. ಯಂತ್ರ ಶುರುವಾಗುವಾಗ ತಾವೂ ಎದ್ದು ಕೂರುವ ಏಳೆಂಟು ತಂತ್ರಾಂಶಗಳನ್ನು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲೇ ಮಲಗಿಸಿದೆ. ಈಗ ಚಹಾ ಕುದಿಯುವ ಮೊದಲೇ ಏಳುತ್ತದೆ. ಅಡಗಿದ ಶಕ್ತಿ ಎಂಬುದು ಅಲ್ಲಿ ಏನೂ ಇರಲಿಲ್ಲ, ಕೂತ ಧೂಳು ಇತ್ತು.

ರಜೆ ಮುಗಿಯುವ ಹಿಂದಿನ ಸಂಜೆ ಅಪ್ಪನ ಜೊತೆ ಹಮ್ಮಿಗಿ ಬ್ಯಾರೇಜಿನ ಕಡೆ ಹೋಗಿದ್ದೆ. ಸಿಂಗಟಾಲೂರು ಏತ ನೀರಾವರಿಗೆಂದು ಕಟ್ಟಿದ್ದು ಅದು. ಆಚೆ ದಂಡೆಗೆ ಹೂವಿನಹಡಗಲಿ ತಾಲ್ಲೂಕು. ಕಟ್ಟಿ ಎಷ್ಟೋ ವರ್ಷವಾದರೂ ಅದರ ಪೂರ್ತಿ ಸಾಮರ್ಥ್ಯಕ್ಕೆ ನೀರು ನಿಲ್ಲಿಸಲಾಗುತ್ತಿಲ್ಲ ಎಂಬ ಮಾತನ್ನು ನಾವು ಕೇಳುತ್ತಲೇ ಬಂದವರು. ಗೇಟು ಇಳಿಸಿದರೆ ನೀರು ನಿಲ್ಲುತ್ತದೆ, ಯಂತ್ರದಲ್ಲಿ ಕೊರತೆಯಿಲ್ಲ. ಆದರೆ ಹಿನ್ನೀರಿನಲ್ಲಿ ಬಿದರಳ್ಳಿ, ಗುಮ್ಮಗೋಳ, ವಿಠಲಾಪುರ ಇದ್ದವು. ಊರುಗಳ ಸ್ಥಳಾಂತರ ಪೂರ್ತಿಯಾಗದೆ ನೀರು ತುಂಬಿಸುವಂತಿರಲಿಲ್ಲ. ದೂರದಿಂದ ನೋಡಿದವರಿಗೆ ಅದು ಬಳಕೆಯಾಗದ ಸಾಮರ್ಥ್ಯ. ಹತ್ತಿರದಿಂದ ನೋಡಿದರೆ ಅಲ್ಲಿ ಜನ, ದನ, ಗುಡಿ, ಬೀಸುವ ಕಲ್ಲು. ಒಣಗಿದ ಹೊಲದವನ ದಾಹವೂ ಸುಳ್ಳಲ್ಲ, ಮುಳುಗುವ ಮನೆಯವರ ಭಯವೂ ಸುಳ್ಳಲ್ಲ. ಎರಡನ್ನೂ ಲೆಕ್ಕಕ್ಕೆ ಹಿಡಿಯುವ ಯಾವ ಕೆಲಸವೂ ಒಂದು ಗುಂಡಿ ಒತ್ತಿ ಮುಗಿಯುವುದಿಲ್ಲ.

ಕಳೆದುಹೋದ ಫೈಲು ಬಿದರಳ್ಳಿಯ ಅಜ್ಜಿಯದು ಎಂದೆನಲ್ಲ. ಅಪ್ಪ ಈಗ ನೆನಪಿನಿಂದ ಅವರ ಪದಗಳನ್ನು ಯುನಿಕೋಡಿನಲ್ಲಿ ತಾವೇ ಟೈಪ್ ಮಾಡುತ್ತಿದ್ದಾರೆ. ಹೋದ ವಾರ ಫೋನಿನಲ್ಲಿ ಕೇಳಿದಾಗ, ‘ಹದಿನಾಲ್ಕು ಪದಾ ನೆನಪಾಗ್ಯಾವ. ಮೂವತ್ತರ ಮ್ಯಾಲ ಇದ್ದವು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೆನ್‌ಡ್ರೈವಿಗೂ ಒಂದ ಹಾಕೇನಿ. ನಿನಗೂ ಕಳಸ್ತೀನಿ, ಇಟ್ಕೊ’ ಎಂದರು.